ಷರಾ ಕಾಲಂ ಇಲ್ಲದ ಪರದೆ

ನಿವೃತ್ತಿಯ ಮೇಲೆ ಬಂದು ನೆಲೆಸಿದ, ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನ ನಮ್ಮ ಮನೆಗೆ ವಾರಾಂತ್ಯದಲ್ಲಿ ಊಟಕ್ಕೆ ಬರುವ ಹುಡುಗ ಹುಡುಗಿಯರು, ಎಂ.ಎಸ್. ಮುಗಿಸಿ ಕೆಲಸ ಹುಡುಕುತ್ತಿರುವವರು, ಕೈತೊಳೆದ ಮೇಲೆ ಕೇಳುವ ಪ್ರಶ್ನೆ ಒಂದೇ: "ಆಂಟಿ, ಯಾವ ಟೂಲ್ ಕಲೀಲಿ?"

ಯಾವುದಾದರೂ ಕಲಿಯಿರಿ. ಟೂಲ್ ಎನ್ನುವುದು ಬಾಡಿಗೆ ಸೈಕಲ್ ಇದ್ದ ಹಾಗೆ, ಬ್ರೇಕ್ ಎಲ್ಲಿದೆ ಎಂದು ತಿಳಿದುಕೊಂಡರೆ ಉಳಿದದ್ದು ಅರ್ಧ ದಿನದ ಮಾತು. ನಾನು ಕಲಿತ ಮೊದಲ ಸಾಫ್ಟ್‌ವೇರುಗಳ ಹೆಸರು ಹೇಳಿದರೆ ನೀವು ಕೆಮ್ಮಿನ ಔಷಧಿ ಎಂದುಕೊಳ್ಳುತ್ತೀರಿ. ನಾನು ಹೇಳಬೇಕೆಂದಿರುವುದು ಬೇರೆ. ಊಟದ ಮೇಜಿನ ಮೇಲೆ ಅದು ಪೂರ್ತಿಯಾಗುವುದಿಲ್ಲ, ನಡುವೆ ಯಾರಿಗಾದರೂ ಫೋನ್ ಬರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವಳು. ಗೋಕುಲ ರಸ್ತೆಯ ಬೇರಿಂಗ್ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತ ದುಡಿಯಲು ಶುರುಮಾಡಿದವಳು. ಚೌಕಾಸಿ ಅಲ್ಲೇ ಕಲಿತದ್ದು. ಗಿರಾಕಿ ಎದ್ದು ಹೋಗುತ್ತೇನೆಂದರೆ ಹೋಗಲು ಬಿಡಬೇಕು, ಚಪ್ಪಲಿ ಮೆಟ್ಟುವಾಗ ಕರೆಯಬೇಕು. ಮೊದಲೇ ಕರೆದರೆ ನಮ್ಮ ಅವಸರ ಅವನಿಗೆ ಗೊತ್ತಾಗುತ್ತದೆ, ತಡವಾಗಿ ಕರೆದರೆ ಅವನು ಪಕ್ಕದ ಅಂಗಡಿಯಲ್ಲಿರುತ್ತಾನೆ. ಅಲ್ಲಿಂದ ಕಾಸ್ಟ್ ಅಕೌಂಟ್ಸ್, ಅಲ್ಲಿಂದ ಪಂಪ್ ಕಾರ್ಖಾನೆಯ ಲೆಕ್ಕ ವಿಭಾಗ, ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್. ಎರಡು ಸಾವಿರ ಇಸವಿ ಬಂದರೆ ಎಲ್ಲ ಕಂಪ್ಯೂಟರುಗಳೂ ನಿಂತುಹೋಗುತ್ತವೆ ಎಂದು ಜಗತ್ತು ಹೆದರಿದ್ದ ಕಾಲದಲ್ಲಿ, ಕಾರ್ಖಾನೆಯ ಲೆಕ್ಕವೂ ಗೊತ್ತು, ಕಂಪ್ಯೂಟರೂ ಗೊತ್ತು ಎಂಬ ಕಾರಣಕ್ಕೆ ಡಲ್ಲಾಸಿಗೆ ಬಂದೆ. ಇಸವಿ ಏನೂ ಮಾಡದೆ ಬಂದು ಹೋಯಿತು. ನಾನು ಉಳಿದುಕೊಂಡೆ.

ನಮ್ಮ ಕಂಪನಿ ವಾಲ್ವ್ ತಯಾರಿಸುತ್ತಿತ್ತು. ಎಣ್ಣೆ, ಉಗಿ, ಅನಿಲ ಹರಿಯುವ ಕೊಳವೆಗಳನ್ನು ತೆರೆದು ಮುಚ್ಚುವ ದೈತ್ಯ ನಲ್ಲಿಗಳು ಎಂದುಕೊಳ್ಳಿ. ಕೇಂದ್ರ ಕಚೇರಿ ಡಲ್ಲಾಸಿಗೆ ಅಂಟಿದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನಲ್ಲಿ, ಎಲ್‌ಬಿಜೆ ಹೆದ್ದಾರಿಯ ಸದ್ದು ಕೇಳುವ ಆಫೀಸ್ ಪಾರ್ಕಿನಲ್ಲಿ. ದೊಡ್ಡ ವಾಲ್ವ್‌ಗಳ ಕಾರ್ಖಾನೆ ಹ್ಯೂಸ್ಟನ್‌ನಲ್ಲಿ, ಚಿಕ್ಕವುಗಳದು ಆಸ್ಟಿನ್‌ನಲ್ಲಿ. ಹ್ಯೂಸ್ಟನ್ ಕಾರ್ಖಾನೆಯ ಹಿಂಬದಿಗೆ ಒಂದು ರಿಪೇರಿ ಶಾಪ್ ಇತ್ತು. ಎಣ್ಣೆ ಶುದ್ಧೀಕರಣ ಘಟಕಗಳಲ್ಲಿ ಕೆಟ್ಟು ನಿಂತ ವಾಲ್ವ್‌ಗಳು ಲಾರಿಯಲ್ಲಿ ಅಲ್ಲಿಗೆ ಬರುತ್ತಿದ್ದವು. ಈ ಕಥನ ಆ ಶಾಪಿನದು.

ನಾನು ಸೇರಿದಾಗ ವರದಿಯ ಪದ್ಧತಿ ಹೀಗಿತ್ತು. ಶುಕ್ರವಾರ ಸಂಜೆಯೊಳಗೆ ಪ್ರತಿ ಕಾರ್ಖಾನೆಯವರೂ ತಮ್ಮ ತಮ್ಮ ಸ್ಪ್ರೆಡ್‌ಶೀಟ್ ತುಂಬಿ ಡಲ್ಲಾಸಿಗೆ ಮೇಲ್ ಮಾಡುವುದು. ನಾವು ಅವನ್ನೆಲ್ಲ ಒಂದಕ್ಕೊಂದು ಅಂಟಿಸುವುದು. ಸೋಮವಾರ ಬೆಳಿಗ್ಗೆ ಎಲ್ಲರೂ ಫೋನಿನಲ್ಲಿ ಸೇರಿ ಅದನ್ನು ಸಾಲುಸಾಲಾಗಿ ಓದುವುದು. ಹಾಳೆಯ ಬಲತುದಿಯಲ್ಲಿ ನಮ್ಮ ಕಡೆ ಸರ್ಕಾರಿ ಕಡತಗಳಲ್ಲಿ ಷರಾ ಎನ್ನುತ್ತಾರಲ್ಲ, ಅಂಥ ಒಂದು ಕಾಲಂ. ಅದರಲ್ಲಿ ಮನಸ್ಸಿಗೆ ಬಂದದ್ದು ಬರೆಯಬಹುದಿತ್ತು. "ಬಾಯ್ಲರ್ ಕೆಟ್ಟಿತ್ತು." "ಗಿರಾಕಿ ಮನಸ್ಸು ಬದಲಾಯಿಸಿದ." ಒಮ್ಮೆ ಹ್ಯೂಸ್ಟನ್‌ನಿಂದ ಬಂದ ಷರಾ: "ಡಲ್ಲಾಸ್‌ನವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದರೆ ಕೆಲಸ ಮುಗಿಯುತ್ತದೆ."

ಅದನ್ನು ಬರೆದವನು ರಸೆಲ್, ರಿಪೇರಿ ಶಾಪಿನ ಮುಖ್ಯಸ್ಥ. ಟೆಕ್ಸಸ್‌ನ ಇಂಗ್ಲಿಷನ್ನು ಎಳೆದೆಳೆದು ಆಡುತ್ತಿದ್ದ. ನನ್ನ ಕಿವಿಯಲ್ಲಿ ಅದು ಈಗ ನಮ್ಮ ಹುಬ್ಬಳ್ಳಿ ಮಂದಿಯ ಮಾತಾಗಿಯೇ ಉಳಿದಿದೆ, ಹಾಗೆಯೇ ಬರೆಯುತ್ತೇನೆ. ಆ ಮನುಷ್ಯನನ್ನು ಸಂತನೆಂದು ತಿಳಿಯಬೇಡಿ. ಜಂಬ ಬಹಳ. ಬಿಡಿಭಾಗಗಳನ್ನು ಗೋದಾಮಿನ ಮೂಲೆಯಲ್ಲಿ ಬಚ್ಚಿಟ್ಟುಕೊಂಡು ಇಲ್ಲವೆನ್ನುತ್ತಿದ್ದ. ಸೋಮವಾರದ ಕರೆಯಲ್ಲಿ ಆಸ್ಟಿನ್‌ನವರನ್ನು ಕೆಣಕದೆ ಅವನಿಗೆ ಕಾಫಿ ಇಳಿಯುತ್ತಿರಲಿಲ್ಲ. ನಾನು ಅವನನ್ನು ಮೆಚ್ಚುತ್ತಿದ್ದೆ, ಏಕೆಂದರೆ ಅವನೂ ನನ್ನ ಹಾಗೆ ಚೌಕಾಸಿಯವನು.

ಹೊಸ ಸಾಫ್ಟ್‌ವೇರ್ ಕೊಳ್ಳುವ ಮಾತು ಎತ್ತಿದವಳು ಕ್ಯಾರನ್, ನಮ್ಮ ಹಣಕಾಸು ಉಪಾಧ್ಯಕ್ಷೆ, ನನ್ನ ಮೇಲಧಿಕಾರಿ. ಎಲ್ಲ ಕಾರ್ಖಾನೆಗಳ ಮಾಹಿತಿಯನ್ನು ತಾನೇ ಎಳೆದುಕೊಂಡು, ಒಂದೇ ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್. ಅದರ ಹೆಸರು ಬಿಸಿನೆಸ್ ಇಂಟೆಲಿಜೆನ್ಸ್ ಎಂದು ಕೇಳಿ ನಮ್ಮ ಮನೆಯವರು, "ಅಂದ್ರ ಇಷ್ಟ ದಿನಾ ಬುದ್ಧಿ ಇಲ್ಲದ ಧಂದೆ ಮಾಡ್ತಿದ್ರೇನು ಅವ್ರು?" ಎಂದಿದ್ದರು.

ಕೊಳ್ಳುವ ವ್ಯವಹಾರ ನನ್ನ ಪಾಲಿಗೆ ಬಂತು. ಇಲ್ಲೊಂದು ಬುದ್ಧಿಮಾತು ಬರೆದುಕೊಳ್ಳಿ. ಸಾಫ್ಟ್‌ವೇರ್ ಮಾರುವವನಿಗೆ ಮೂರು ತಿಂಗಳಿಗೊಮ್ಮೆ ಗುರಿ ಮುಟ್ಟುವ ಗಡುವು ಇರುತ್ತದೆ. ಮೊದಲ ತಿಂಗಳಲ್ಲಿ ಅವನು ರಾಜ, ಕೊನೆಯ ವಾರದಲ್ಲಿ ಅಳಿಯ ಬಂದಾಗಿನ ಅತ್ತೆಯಷ್ಟು ಮೃದು. ನಾನು ಕೊನೆಯ ಶುಕ್ರವಾರದವರೆಗೂ ಅವನ ಫೋನ್ ಎತ್ತಲಿಲ್ಲ. ಎತ್ತಿದ ಮೇಲೆ ಬೆಲೆಯ ಮಾತೇ ಆಡಲಿಲ್ಲ, ಹ್ಯೂಸ್ಟನ್‌ಗೂ ಆಸ್ಟಿನ್‌ಗೂ ತರಬೇತಿ ಪುಕ್ಕಟೆ ಬೇಕು ಎಂದೆ. ಬೆಲೆ ಅವನೇ ಇಳಿಸಿದ. ಅಂದು ಸಂಜೆ ನನ್ನಷ್ಟು ಬುದ್ಧಿವಂತೆ ಎಲ್‌ಬಿಜೆ ಹೆದ್ದಾರಿಯಲ್ಲಿ ಇನ್ನೊಬ್ಬಳಿಲ್ಲ ಎಂದುಕೊಂಡು ಡ್ರೈವ್ ಮಾಡಿದೆ.

ಆ ಸಾಫ್ಟ್‌ವೇರಿನಲ್ಲಿ ವರದಿಗಳನ್ನು ಕಟ್ಟಿದವಳು ನಾಜ್ನೀನ್. ಮೈಸೂರಿನವಳು, ಆಸ್ಟಿನ್‌ನಲ್ಲಿ ಎಂ.ಎಸ್. ಓದಿ ಅಲ್ಲಿನ ನಮ್ಮ ಕಾರ್ಖಾನೆಗೇ ಸೇರಿದ್ದಳು. ಯೋಜನೆಗೆಂದು ಡಲ್ಲಾಸಿಗೆ ಕರೆಸಿಕೊಂಡೆ. ಮೊದಲ ದಿನವೇ ತಕರಾರು.

"ಆಫೀಸಿನ್ಯಾಗ ಆಂಟಿ ಅನಬ್ಯಾಡ ಅಂತ ಹೇಳೇನಿಲ್ಲ?"

"ಮತ್ತೇನನ್ಲಿ ಆಂಟಿ? ಹೆಸರಿಡಿದು ಕರೆಯೋಕೆ ನಂಗೆ ಬಾಯೇ ಬರಲ್ಲ."

"ಕ್ಯಾರನ್‌ಗ ಕ್ಯಾರನ್ ಅಂತೀಯಲ್ಲ?"

"ಅವರು ನಂಗೆ ಟಿಫಿನ್ ಡಬ್ಬಿ ತಂದ್ಕೊಡಲ್ವಲ್ಲ."

ಹೀಗೆ ನಾನು ಸೋತ ಚೌಕಾಸಿಗಳೂ ಇವೆ.

ಮೊದಲ ಪ್ರದರ್ಶನದ ದಿನ ಮಾನ ಹೋಯಿತು. ಕ್ಯಾರನ್, ಕಾರ್ಖಾನೆಗಳ ಮುಖ್ಯಸ್ಥರು, ಎಲ್ಲರೂ ಡಲ್ಲಾಸಿಗೆ ಬಂದಿದ್ದರು. ಪರದೆಯ ಮೇಲೆ ನೀಲಿ ಕಂಬಗಳು ಎದ್ದವು. ಹ್ಯೂಸ್ಟನ್ ಆಕಾಶ ಮುಟ್ಟಿತ್ತು, ಆಸ್ಟಿನ್ ನೆಲಕ್ಕೆ ಅಂಟಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಎರಡರ ಒಟ್ಟು ಮೊತ್ತ. ಕ್ಯಾರನ್ ಕನ್ನಡಕ ಸರಿಮಾಡಿಕೊಂಡು, "ಇದು ಯಾವುದರ ಒಟ್ಟು?" ಎಂದಳು. ಹ್ಯೂಸ್ಟನ್‌ನವರು ಉತ್ಪಾದನೆಯನ್ನು ತೂಕದಲ್ಲಿ ಬರೆಯುತ್ತಿದ್ದರು, ಆಸ್ಟಿನ್‌ನವರು ಎಷ್ಟು ವಾಲ್ವ್ ಎಂಬ ಎಣಿಕೆಯಲ್ಲಿ. ಸ್ಪ್ರೆಡ್‌ಶೀಟಿನ ಕಾಲದಲ್ಲಿ ಎಲ್ಲರಿಗೂ ಇದು ಗೊತ್ತಿದ್ದ ಸಂಗತಿ, ಆದ್ದರಿಂದಲೇ ಯಾರೂ ಹೇಳಿರಲಿಲ್ಲ. ನಾವಿಬ್ಬರೂ ಅವನ್ನು ಕೂಡಿಸಿಟ್ಟಿದ್ದೆವು.

ರಸೆಲ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. "ಮೇಡಂ, ದನಾನೂ ಎಣಸೀರಿ, ದನದ ಕಾಲೂ ಎಣಸೀರಿ, ಎರಡೂ ಕೂಡಸೀರಿ. ಇನ್ನ ಬಾಲಾ ಒಂದ ಉಳೀತು ನೋಡ್ರಿ."

ಕೋಣೆಯೆಲ್ಲ ನಕ್ಕಿತು. ನಾಜ್ನೀನ್ ಪ್ರೊಜೆಕ್ಟರಿನ ಹಿಂದೆ ಮುಖ ಮುಚ್ಚಿಕೊಂಡಳು. ಅಂದು ಕಲಿತದ್ದು ಇಷ್ಟು: ಪರದೆ ಎಲ್ಲವನ್ನೂ ಕೂಡಿಸಿಬಿಡುತ್ತದೆ, ಕೂಡಿಸಬಾರದು ಎಂಬುದು ಮನುಷ್ಯರ ತಲೆಯಲ್ಲಿ ಮಾತ್ರ ಇರುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಕೋಡ್ ಬರೆಯಬೇಡಿ. ಹೋಗಿ ಆ ತಲೆಗಳನ್ನು ಮಾತನಾಡಿಸಿ.

ನಾನು ಹಾಗೆಯೇ ಹ್ಯೂಸ್ಟನ್‌ಗೆ ಹೊರಟೆ. ಈ ಸಲದ ಗಂಟು "ಸಮಯಕ್ಕೆ ಸರಿಯಾಗಿ ಕಳಿಸಿದ್ದು" ಎಂಬ ಅಂಕಿಯದು. ಕ್ಯಾರನ್ ಆ ಅಂಕಿಗೆ ಬಣ್ಣ ಬೇಕೆಂದಿದ್ದಳು. ಸಮಯಕ್ಕೆ ಹೋದದ್ದು ಹಸಿರು, ಸ್ವಲ್ಪ ತಡವಾದರೆ ಹಳದಿ, ಬಹಳ ತಡವಾದರೆ ಕೆಂಪು. "ಡೈರೆಕ್ಟರುಗಳು ಅಂಕಿ ಓದೋದಿಲ್ಲ, ಬಣ್ಣ ಓದ್ತಾರೆ" ಎನ್ನುವುದು ಅವಳ ಅನುಭವ. ಪ್ರಯೋಗಕ್ಕೆ ಹಚ್ಚಿ ನೋಡಿದರೆ ಆಸ್ಟಿನ್ ಗದ್ದೆಯ ಹಾಗೆ ಹಸಿರು, ರಿಪೇರಿ ಶಾಪ್ ವಾರವಾರವೂ ಕೆಂಪು.

ನಾನು ಹೋದಾಗ ಶಾಪಿನ ಬಾಗಿಲಲ್ಲಿ ಲಾರಿಯಿಂದ ಒಂದು ವಾಲ್ವ್ ಇಳಿಸುತ್ತಿದ್ದರು. ಅದನ್ನು ತಂದವನು, ಯಾವುದೋ ಎಣ್ಣೆ ಘಟಕದ ಫೋರ್‌ಮನ್, ಹೆಲ್ಮೆಟ್ ಕೂಡ ತೆಗೆಯದೆ ಅದರ ಪಕ್ಕದಲ್ಲೇ ನಿಂತಿದ್ದ. ಆ ಒಂದು ವಾಲ್ವ್ ಇಲ್ಲದೆ ಅವರ ಘಟಕದ ಅರ್ಧ ಭಾಗ ನಿಂತಿತ್ತು. ರಸೆಲ್ ಅವನನ್ನು ಕೇಳಿದ್ದು ಒಂದೇ, ಯಾವಾಗ ಬೇಕು ಎಂದು. ಅವನು ಇವತ್ತು ಸಂಜೆ ಎಂದ. ರಸೆಲ್ ಕಂಪ್ಯೂಟರಿನಲ್ಲಿ ‘ಬೇಕಾದ ದಿನ’ ಎಂಬಲ್ಲಿ ಅಂದಿನ ದಿನವನ್ನೇ ಹಾಕಿದ. ಪರದೆ ತಡವನ್ನು ಎಣಿಸುತ್ತಿದ್ದುದು ಆ ದಿನದಿಂದಲೇ.

ಫೋರ್‌ಮನ್ ಕಾಫಿಗೆ ಹೋದ ಮೇಲೆ ನಾನು ಹೇಳಿದೆ, "ಇವತ್ತ ಸಂಜಿ ಆಗೂದಿಲ್ಲಂತ ನಿಮಗ ಗೊತ್ತೈತಿ."

"ಗೊತ್ತೈತಿ."

"ಮತ್ತ ನಾಕ ದಿನಾ ಬಿಟ್ಟ ಹಾಕ್ರಿ. ಆಸ್ಟಿನ್‌ನವರು ತಮಗ ಆಗೂ ದಿನಾನ ಹಾಕ್ತಾರ. ಅದಕ್ಕ ಅವರು ಹಸರು."

"ನಾಕ ದಿನಾ ಅಂತ ಹಾಕಿದರ ನನ್ನ ಮಂದಿ ನಾಕ ದಿನಾನ ತಗೋತಾರ. ಇವತ್ತ ಅಂತ ಹಾಕಿದರ ನಾಡದ್ದ ಮುಗಸ್ತಾರ." ಅವನು ಕೈಗವಸು ಕೊಡವಿದ. "ದಿನಾ ಗಿರಾಕೀದರಿ ಮೇಡಂ. ತಡಾ ನಂದು. ಎರಡೂ ಬ್ಯಾರೆ ಬ್ಯಾರೆ ಇರ್ಲಿ."

"ಪರದಿ ಮ್ಯಾಲ ಕೆಂಪ ಕಾಣತೈತ್ರಿ."

"ಕಾಣ್ಲಿ. ಸೋಮವಾರ ನಾ ಹೇಳ್ತೀನಲ್ಲ ಯಾಕಂತ."

ಅದು ನಿಜವೂ ಆಗಿತ್ತು. ಸೋಮವಾರದ ಕರೆಯಲ್ಲಿ ಅವನು ಯಾವ ವಾಲ್ವ್, ಯಾರದು, ಯಾಕೆ ತಡ, ಅವರು ಅದಕ್ಕೆ ಪ್ರತಿಯಾಗಿ ಯಾವ ಹೊಸ ಆರ್ಡರ್ ಕೊಟ್ಟರು ಎಂದು ಕಥೆಯ ಹಾಗೆ ಹೇಳುತ್ತಿದ್ದ. ಆ ಕಥೆ ಮುಗಿಯುವಷ್ಟರಲ್ಲಿ ನಮ್ಮ ಕಾಫಿ ಆರಿರುತ್ತಿತ್ತು. ಎಲ್ಲರೂ ಬೈದುಕೊಳ್ಳುತ್ತಿದ್ದೆವು.

ಡಲ್ಲಾಸಿಗೆ ಮರಳಿ ಕ್ಯಾರನ್‌ಳೆದುರು ಕೂತೆ. ರಿಪೇರಿಗೆ ಬೇರೆ ಅಳತೆ ಇರಲಿ ಎಂದೆ. ಒಬ್ಬರಿಗೆ ಬೇರೆ ಅಳತೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದಳು. ಸರಿಯಾದ ಮಾತೇ. ಹಾಗಾದರೆ ಷರಾ ಕಾಲಂ ಆದರೂ ಇರಲಿ ಎಂದೆ. ಪರದೆಯಲ್ಲಿ ಜಾಗವಿಲ್ಲ ಎಂದಳು. ನಾನು ಎದ್ದೆ, ಬಾಗಿಲವರೆಗೆ ಹೋದೆ, ಹಿಡಿಕೆಯ ಮೇಲೆ ಕೈಯಿಟ್ಟೆ. ಅವಳು ಕರೆದಳು. ಎರಡನೆಯ ಪುಟದಲ್ಲಿ ಕೊಡೋಣ, ಕೆಂಪು ಚುಕ್ಕೆಯ ಮೇಲೆ ಒತ್ತಿದರೆ ತೆರೆಯುವ ಹಾಗೆ, ಎಂದಳು. ಗೆದ್ದೆ ಎಂದುಕೊಂಡು ಒಪ್ಪಿದೆ. ಗೋಕುಲ ರಸ್ತೆಯಲ್ಲಾಗಿದ್ದರೆ ನಾನು ಗಿರಾಕಿಯ ಮುಖ ನೋಡಿ ಅಂದಾಜು ಮಾಡುತ್ತಿದ್ದೆ, ಅವನು ಸುಲಭವಾಗಿ ಒಪ್ಪಿದರೆ ಆ ವಸ್ತು ಅವನಿಗೆ ಮುಖ್ಯವಲ್ಲ ಎಂದು. ಅಂದು ಕ್ಯಾರನ್ ಬಹಳ ಸುಲಭವಾಗಿ ಒಪ್ಪಿದ್ದಳು.

ಹೊಸ ವರದಿ ಶುರುವಾಯಿತು. ಚೆನ್ನಾಗಿಯೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಶುಕ್ರವಾರದ ಅಂಟಿಸುವ ಕೆಲಸ ಹೋಯಿತು. ಗೋದಾಮಿನಲ್ಲಿ ಬಚ್ಚಿಟ್ಟ ಬಿಡಿಭಾಗಗಳು ಪರದೆಯ ಮೇಲೆ ಬಂದವು, ರಸೆಲ್ ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಆಮೇಲೆ ಸೋಮವಾರದ ಕರೆಯೂ ನಿಂತಿತು. ಎಲ್ಲವೂ ಪರದೆಯ ಮೇಲಿರುವಾಗ ಫೋನ್ ಏಕೆ ಎಂದು ಯಾರೋ ಅಂದರು, ಯಾರೂ ವಿರೋಧಿಸಲಿಲ್ಲ. ನಿಂತದ್ದಕ್ಕೆ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ರಸೆಲ್. "ನನಗ ಸೋಮವಾರ ತಿರಿಗಿ ಕೊಟ್ರಿ ಮೇಡಂ. ಇನ್ನ ಮ್ಯಾಲ ಏನ ಹೇಳೂದೈತಿ ಎರಡನೇ ಪುಟದಾಗ ಬರೀತೀನಿ" ಎಂದು ಫೋನ್ ಮಾಡಿ ಹೇಳಿದ. ಬರೆದ. ಅವನ ಷರಾಗಳು ಮೊದಲಿಗಿಂತ ಉದ್ದವಾದವು, ಪೋಕರಿತನ ಕಡಿಮೆಯಾಯಿತು.

ಕೆಲವು ತಿಂಗಳ ಮೇಲೆ ನಾಜ್ನೀನ್ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದಳು.

"ಆಂಟಿ, ಯಾವ ಪುಟ ಎಷ್ಟು ಜನ ನೋಡ್ತಾರೆ ಅಂತ ಸಿಸ್ಟಮ್ ತೋರ್ಸತ್ತೆ, ಗೊತ್ತಲ್ವಾ?"

"ಹೂಂ. ಏನಾತು?"

"ಎರಡನೇ ಪುಟಾನ ಹ್ಯೂಸ್ಟನ್‌ನಲ್ಲಿ ಮಾತ್ರ ತೆಗೀತಿದಾರೆ. ಬೇರೆ ಎಲ್ಲೂ ಇಲ್ಲ."

"ಹ್ಯೂಸ್ಟನ್‌ನ್ಯಾಗ ಯಾರು?"

"ರಸೆಲ್ ಅವರೇ. ಬರೆದು, ಮತ್ತೆ ತಾವೇ ಓದ್ಕೊಳ್ತಿದಾರೆ ಅನ್ಸತ್ತೆ."

"ಅವರಿಗೆ ಹೇಳ್ಬೇಕಾ ಆಂಟಿ?" ಎಂದಳು. ಬೇಡ ಎಂದೆ. ಅದರ ಬದಲು ಕ್ಯಾರನ್‌ಗೆ ಹೇಳಿದೆ. ಅವಳು ತಲೆಯಾಡಿಸಿ, ಎಲ್ಲರಿಗೂ ಒಂದು ನೆನಪೋಲೆ ಕಳಿಸುತ್ತೇನೆ ಎಂದಳು. ಕಳಿಸಿದಳು ಕೂಡ. ನೆನಪೋಲೆಯನ್ನು ಓದಿದವರು ಪುಟವನ್ನು ತೆರೆಯಲಿಲ್ಲ.

ಆ ವರ್ಷ ಕಂಪನಿ ಖರ್ಚು ಕಡಿಮೆ ಮಾಡಬೇಕಾಯಿತು. ಹೊರಗಿನಿಂದ ಬಂದ ಹೊಸ ಡೈರೆಕ್ಟರ್ ಒಬ್ಬ ಸಭೆ ಕರೆದ. ಪರದೆ ನಡೆಸಲು ನಾನು ಕೂತಿದ್ದೆ. ಆಸ್ಟಿನ್, ಹ್ಯೂಸ್ಟನ್ ಉತ್ಪಾದನೆ, ಎಲ್ಲ ಸಾಲುಗಳೂ ಹಸಿರು, ಒಂದೆರಡು ಹಳದಿ. ಕೆಳಗಿನ ಸಾಲು ಕೆಂಪು.

"ಅದೇನು ಅದು?" ಎಂದ.

ರಿಪೇರಿ ಶಾಪ್ ಎಂದಳು ಕ್ಯಾರನ್. ನಾನು ಬಾಯಿ ಹಾಕಿದೆ, ಅದಕ್ಕೆ ಎರಡನೆಯ ಪುಟವಿದೆ, ತೆರೆಯಲೇ ಎಂದೆ. ಅವನು ಗಡಿಯಾರ ನೋಡಿ, "ಒಂದೇ ಸಾಲಿನಲ್ಲಿ ಹೇಳಿ" ಎಂದ.

ಇಷ್ಟು ವರ್ಷ ಬೇರಿಂಗು, ಪಂಪು, ಸಾಫ್ಟ್‌ವೇರ್ ಎಲ್ಲಕ್ಕೂ ಮಾತು ಜೋಡಿಸಿದವಳಿಗೆ ಅಂದು ಸಿಕ್ಕ ಸಾಲು ಇದು: "ಅವರು ಬೇರೆಯವರು ಒಪ್ಪದ ಅವಸರದ ಕೆಲಸ ಒಪ್ಪಿಕೊಳ್ತಾರೆ, ಗಿರಾಕಿ ಕೇಳಿದ ದಿನವನ್ನೇ ಬರೆದುಕೊಳ್ತಾರೆ."

"ಹಾಗಾದರೆ ಒಪ್ಪಿಕೊಳ್ಳೋದು ಬಿಡಲಿ."

ಮುಂದಿನ ವಿಷಯಕ್ಕೆ ಹೋದರು. ಶಾಪಿಗೆ ಬಂದವರೇ ನಮ್ಮ ಹೊಸ ವಾಲ್ವ್ ಕೊಳ್ಳುತ್ತಾರೆ ಎನ್ನುವುದು ಯಾವ ಪರದೆಯಲ್ಲೂ ಇರಲಿಲ್ಲ. ಅದು ಸೋಮವಾರದ ಆರಿದ ಕಾಫಿಯಲ್ಲಿತ್ತು, ರಸೆಲ್‌ನ ಬಾಯಲ್ಲಿತ್ತು. ಆ ಕೋಣೆಯಲ್ಲಿ ಕೂತಿದ್ದ ನಾಲ್ಕೈದು ಜನ ಆ ಕಥೆಗಳನ್ನು ವರ್ಷಗಟ್ಟಲೆ ಕೇಳಿದ್ದವರು. ನಾನೂ ಕೇಳಿದ್ದೆ. ಕೇಳದೆ ಕೆಲವು ತಿಂಗಳಾಗಿತ್ತು, ಅಷ್ಟಕ್ಕೇ ಎಲ್ಲರಿಗೂ ಮರೆತಿತ್ತು, ಅಥವಾ ಬಣ್ಣದೆದುರು ಹೇಳುವ ಧೈರ್ಯ ಹೋಗಿತ್ತು. ಯಾವುದು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಶಾಪ್ ಮುಚ್ಚಿತು. ರಿಪೇರಿಯನ್ನು ಆಸ್ಟಿನ್‌ಗೆ ಕಳಿಸಿದರು. ಅವರು ತಮಗೆ ಆಗುವ ದಿನ ಹೇಳುತ್ತಿದ್ದರು, ಆ ದಿನಕ್ಕೆ ಸರಿಯಾಗಿ ಮುಗಿಸುತ್ತಿದ್ದರು. ಗಿರಾಕಿಗಳು ಬರುವುದು ಕಡಿಮೆಯಾಯಿತು. ಹ್ಯೂಸ್ಟನ್‌ನ ಹೊಸ ಆರ್ಡರುಗಳೂ ಒಂದೊಂದಾಗಿ ಸರಿದವು. ಅದಕ್ಕೆ ಮಾರುಕಟ್ಟೆ ಕಾರಣ ಎಂದರು, ಸ್ವಲ್ಪ ಮಟ್ಟಿಗೆ ಇರಲೂಬಹುದು. ಮುಂದಿನ ಸಭೆಗೆ ನಾನು ಪರದೆ ತೆರೆದಾಗ ಮೇಲಿನಿಂದ ಕೆಳಗಿನವರೆಗೆ ಒಂದೇ ಹಸಿರು. ಕ್ಯಾರನ್ ಚಪ್ಪಾಳೆ ತಟ್ಟಿದಳು. ಯೋಜನೆ ಯಶಸ್ವಿ ಎಂದು ಕೇಕ್ ತರಿಸಿದ್ದರು. ನಾಜ್ನೀನ್ ತನ್ನ ತುಂಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು.

"ತಿನ್ನವಾ" ಎಂದೆ.

"ಇಲ್ಲ ಆಂಟಿ. ಇಳೀತಿಲ್ಲ."

ರಸೆಲ್ ಹೋಗುವಾಗ ಜಗಳವಾಡಲಿಲ್ಲ. ಹ್ಯೂಸ್ಟನ್ ಪಕ್ಕದ ಪ್ಯಾಸಡೀನಾದಲ್ಲಿ ಯಾರದೋ ಚಿಕ್ಕ ರಿಪೇರಿ ಯಾರ್ಡ್ ಸೇರಿದ. ನನಗೆ ಅಲ್ಲಿಯ ನಂಬರ್ ಕೊಟ್ಟು, "ಎಲ್ಲ್ಯಾರ ಕೆಂಪ ಬೇಕಾದರ ಫೋನ್ ಮಾಡ್ರಿ" ಎಂದಿದ್ದ.

ಈಗ ನಿಮಗೆ ಹೇಳಬೇಕಾದದ್ದು. ವರದಿ ಕಟ್ಟುವಾಗ ಮೊದಲ ಪುಟದಲ್ಲೇ ಷರಾಕ್ಕೆ ಜಾಗ ಇಡಿ. ಜಾಗವಿಲ್ಲ ಎಂದರೆ ಒಂದು ಕಂಬ ತೆಗೆದುಹಾಕಿ. ಎರಡನೆಯ ಪುಟ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಬಾಗಿಲು ದಾಟಿ ಹೋಗಿಬಿಡಿ, ಕರೆಯದಿದ್ದರೂ ಸರಿ. ಪರದೆ ಬಂದಿತೆಂದು ಜನ ಮಾತನಾಡುವ ಹೊತ್ತನ್ನು ರದ್ದುಮಾಡಲು ಯಾರಾದರೂ ಹೊರಟರೆ, ಅದರಿಂದ ನಿಮಗೇ ಎಷ್ಟು ಖುಷಿಯಾದರೂ, ಅಡ್ಡ ನಿಲ್ಲಿ. ನಾವು ಯಾರೂ ನಿಲ್ಲಲಿಲ್ಲ.

ನಾನು ನಿವೃತ್ತಿಯಾಗುವ ಮೊದಲು ನಡೆದದ್ದೊಂದು ಉಳಿದಿದೆ. ನಮ್ಮ ವರದಿಯ ಅಡಿಯಲ್ಲಿ "ಪ್ರಶ್ನೆಗಳಿದ್ದರೆ ಕರೆ ಮಾಡಿ" ಎಂದು ನನ್ನ ಮೇಜಿನ ಫೋನ್ ನಂಬರ್ ಇತ್ತು. ಎಲ್ಲಿಂದಲೋ ಅದು ಹೊರಗಿನವರ ಕೈಗೂ ಸಿಕ್ಕಿತ್ತು. ಒಂದು ಮಧ್ಯಾಹ್ನ ಯಾವುದೋ ಎಣ್ಣೆ ಘಟಕದವನ ಫೋನ್. ಹಿಂದೆ ಸೈರನ್, ಲಾರಿಯ ಸದ್ದು. ವಾಲ್ವ್ ಲಾರಿಯ ಮೇಲಿದೆ, ಹ್ಯೂಸ್ಟನ್‌ನ ರಿಪೇರಿ ಶಾಪಿನ ಗೇಟಿಗೆ ಬೀಗ ಹಾಕಿದೆ, ಆಸ್ಟಿನ್‌ನವರು ಮುಂದಿನ ವಾರ ಎನ್ನುತ್ತಿದ್ದಾರೆ, ನಿಮ್ಮಲ್ಲಿ ಮನುಷ್ಯರು ಯಾರಾದರೂ ಇದ್ದಾರೆಯೇ ಎಂದು ಕೇಳಿದ.

ನಾನು ಅವನಿಗೆ ಪ್ಯಾಸಡೀನಾದ ನಂಬರ್ ಕೊಟ್ಟೆ. ಕಂಪನಿಯ ಗಿರಾಕಿಯನ್ನು ಬೇರೆ ಅಂಗಡಿಗೆ ಕಳಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ, ಅವನು ಹಾದಿಯಲ್ಲಿರುವಾಗಲೇ ತಿಳಿದಿರಲಿ ಎಂದು ರಸೆಲ್‌ಗೆ ಫೋನ್ ಮಾಡಿದೆ. ಯಾರು, ಏನು ಎಂದು ಅವನು ಕೇಳಲಿಲ್ಲ.

"ಯಾವತ್ತಿಗೆ ಬೇಕಂತ್ರಿ?"

"ಇವತ್ತ ಸಂಜಿಗೆ ಅಂದ."

ಆ ತುದಿಯಲ್ಲಿ ಕೀಲಿಮಣೆಯ ಮೇಲೆ ಬೆರಳಾಡಿದ ಸದ್ದು ಕೇಳಿತು. "ಆತು ಬಿಡ್ರಿ. ಇವತ್ತ ಅಂತ ಹಾಕೀನಿ."